ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳಲ್ಲಿ ಹದಿಹರೆಯದವರ ಗ್ರಂಥಾಲಯ ಸೇವೆ

ಕರ್ನಾಟಕದ ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳಲ್ಲಿ 12ರಿಂದ 18 ವರ್ಷದೊಳಗಿನ ಓದುಗರಿಗೆ ದೊರೆಯುವ ಸಾರ್ವಜನಿಕ ಗ್ರಂಥಾಲಯ ಸೇವೆಯು ಎರಡು ಇಲಾಖೆಗಳ ಆಡಳಿತದಲ್ಲಿ ಹಂಚಿಹೋಗಿದೆ. ಪಟ್ಟಣಗಳ ಶಾಖಾ ಗ್ರಂಥಾಲಯಗಳನ್ನು ಸಾರ್ವಜನಿಕ ಗ್ರಂಥಾಲಯ ಇಲಾಖೆಯೂ, ಹಳ್ಳಿಗಳ ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯೂ ನೋಡಿಕೊಳ್ಳುತ್ತವೆ. ಶಾಲಾ ಗ್ರಂಥಾಲಯಗಳು ಇವೆರಡಕ್ಕೂ ಸೇರಿದವಲ್ಲ. ಶಾಲೆ ಬಿಟ್ಟ ಹುಡುಗ ಅಥವಾ ಹುಡುಗಿಗೆ ಶಾಲಾ ಗ್ರಂಥಾಲಯದ ಬಾಗಿಲು ಮುಚ್ಚಿದಂತೆಯೇ ಸರಿ. ಯಾವ ತರಗತಿ, ಎಷ್ಟು ಅಂಕ ಎಂದು ಕೇಳದೆ ಪುಸ್ತಕ ಕೊಡುವ ಸಂಸ್ಥೆಯಾಗಿ ಊರಿನಲ್ಲಿ ಉಳಿಯುವುದು ಸಾರ್ವಜನಿಕ ಗ್ರಂಥಾಲಯವೊಂದೇ. ಈ ಕಾರಣದಿಂದ ಮೂರೂ ತಾಲ್ಲೂಕುಗಳಲ್ಲಿ ಹದಿಹರೆಯದವರ ಓದು ಶಿಕ್ಷಣದ ಮುಂದುವರಿಕೆಗೆ ಸಂಬಂಧಿಸಿದ ವಿಷಯವೂ ಆಗಿದೆ.

ಪ್ರದೇಶ

ಆಳಂದ ಮತ್ತು ಜೇವರ್ಗಿ ಪಟ್ಟಣಗಳು ಜಿಲ್ಲಾ ಕೇಂದ್ರವಾದ ಕಲಬುರಗಿಯಿಂದ ಸುಮಾರು 40 ಕಿ.ಮೀ. ದೂರದಲ್ಲಿವೆ, ಅಫಜಲಪುರ ಅದಕ್ಕಿಂತ ದೂರ. ಆಳಂದ ಮತ್ತು ಅಫಜಲಪುರ ತಾಲ್ಲೂಕುಗಳು ಮಹಾರಾಷ್ಟ್ರದ ಗಡಿಗೆ ಹೊಂದಿಕೊಂಡಿವೆ. ಆಳಂದ ತಾಲ್ಲೂಕಿನಲ್ಲಿ ಹರಿದು ಬರುವ ಅಮರ್ಜಾ ನದಿಯು ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರದ ಬಳಿ ಭೀಮಾ ನದಿಯನ್ನು ಸೇರುತ್ತದೆ. ಜೇವರ್ಗಿಯು ಭೀಮೆಯ ದಕ್ಷಿಣಕ್ಕಿದೆ. ಈ ತಾಲ್ಲೂಕಿನಿಂದ ಯಡ್ರಾಮಿಯನ್ನು 2018ರಲ್ಲಿ ಬೇರ್ಪಡಿಸಿ ಪ್ರತ್ಯೇಕ ತಾಲ್ಲೂಕನ್ನಾಗಿ ಮಾಡಲಾಯಿತು.

ತೊಗರಿ ಇಲ್ಲಿನ ಮುಖ್ಯ ಬೆಳೆ. ಮಳೆ ಕೈಕೊಟ್ಟ ವರ್ಷಗಳಲ್ಲಿ ಕುಟುಂಬಗಳು ಕೂಲಿಗಾಗಿ ಮುಂಬೈ, ಪುಣೆ, ಬೆಂಗಳೂರುಗಳ ಕಡೆಗೆ ಗುಳೆ ಹೋಗುತ್ತವೆ. ಅವರೊಂದಿಗೆ ಹೋಗುವ ಮಕ್ಕಳ ಓದು ನಡುವಿನಲ್ಲೇ ನಿಲ್ಲುತ್ತದೆ. 2011ರ ಜನಗಣತಿಯ ಪ್ರಕಾರ ಅಂದಿನ ಗುಲಬರ್ಗಾ ಜಿಲ್ಲೆಯ ಸಾಕ್ಷರತೆ ಸುಮಾರು ಶೇ. 65, ಮಹಿಳೆಯರಲ್ಲಿ ಅದು ಶೇ. 55ರಷ್ಟು ಮಾತ್ರ ಇತ್ತು. ಅದೇ ಗಣತಿಯಲ್ಲಿ ರಾಜ್ಯದ ಸರಾಸರಿ ಶೇ. 75ನ್ನು ದಾಟಿತ್ತು. ಹೀಗಾಗಿ ಗ್ರಂಥಾಲಯಕ್ಕೆ ಬರುವ ಹದಿಹರೆಯದವರಲ್ಲಿ ಎಷ್ಟೋ ಮಂದಿ ತಮ್ಮ ಮನೆಯಲ್ಲಿ ಓದು ಬಲ್ಲ ಮೊದಲ ತಲೆಮಾರಿನವರು. ಮನೆಯಲ್ಲಿ ಪಠ್ಯಪುಸ್ತಕದ ಹೊರತು ಬೇರೆ ಪುಸ್ತಕವನ್ನು ಕಾಣದವರಿಗೆ ಯಾವುದನ್ನು ಓದಬೇಕೆಂದು ಹೇಳುವವರೂ ಮನೆಯಲ್ಲಿರುವುದಿಲ್ಲ.

ಹಿನ್ನೆಲೆ

ಈ ಪ್ರದೇಶವು 1948ರ ಸೆಪ್ಟೆಂಬರ್ 17ರವರೆಗೆ ಹೈದರಾಬಾದ್ ನಿಜಾಮರ ಆಳ್ವಿಕೆಯಲ್ಲಿತ್ತು. ಉರ್ದು ಆಡಳಿತ ಭಾಷೆಯಾಗಿದ್ದುದರಿಂದ ಕನ್ನಡ ಶಾಲೆಗಳು ಮತ್ತು ಕನ್ನಡ ಪುಸ್ತಕಗಳು ವಿರಳವಾಗಿದ್ದವು. ಹಳೆಯ ಮೈಸೂರು ಸಂಸ್ಥಾನದಲ್ಲಿ ಅರಸರ ಪ್ರೋತ್ಸಾಹದಿಂದಲೂ, ಮುಂಬಯಿ ಕರ್ನಾಟಕದಲ್ಲಿ ವಾಚನಾಲಯ ಚಳವಳಿಯಿಂದಲೂ ಬೆಳೆದ ಓದಿನ ಪರಂಪರೆ ಇಲ್ಲಿ ತಡವಾಗಿ ಬೇರೂರಿತು.

ಹೈದರಾಬಾದ್ ರಾಜ್ಯವು 1955ರಲ್ಲಿ ಸಾರ್ವಜನಿಕ ಗ್ರಂಥಾಲಯ ಕಾಯಿದೆಯನ್ನು ಮಾಡಿತು. ಮರುವರ್ಷ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗಿ ಗುಲಬರ್ಗಾ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿತು. ಬೇರೆ ಬೇರೆ ಭಾಗಗಳಲ್ಲಿ ಜಾರಿಯಲ್ಲಿದ್ದ ಕಾನೂನುಗಳ ಬದಲಿಗೆ ಇಡೀ ರಾಜ್ಯಕ್ಕೆ ಅನ್ವಯಿಸುವ ಸಾರ್ವಜನಿಕ ಗ್ರಂಥಾಲಯ ಅಧಿನಿಯಮವನ್ನು 1965ರಲ್ಲಿ ಅಂಗೀಕರಿಸಲಾಯಿತು. ಅದು 1966ರ ನವೆಂಬರ್ 1ರಂದು ಜಾರಿಗೆ ಬಂದಿತು. ಈ ಅಧಿನಿಯಮದ ಮುಖ್ಯ ಲಕ್ಷಣ ಗ್ರಂಥಾಲಯ ಕರ. ಸ್ಥಳೀಯ ಸಂಸ್ಥೆಗಳು ಆಸ್ತಿ ತೆರಿಗೆಯೊಂದಿಗೆ ಶೇ. 6ರಷ್ಟು ಗ್ರಂಥಾಲಯ ಕರವನ್ನು ವಸೂಲು ಮಾಡುತ್ತವೆ. ಮನೆಯ ತೆರಿಗೆ ಕಟ್ಟುವ ಪ್ರತಿಯೊಬ್ಬರೂ ಗ್ರಂಥಾಲಯದ ಖರ್ಚಿನಲ್ಲಿ ಪಾಲು ಕೊಟ್ಟಿರುತ್ತಾರೆ. ಬಹುಮಂದಿಗೆ ಇದು ತಿಳಿದಿಲ್ಲ. ಆದರೆ ಈ ಕರದ ಮೊತ್ತ ಆಸ್ತಿಯ ಮೌಲ್ಯವನ್ನೇ ಅವಲಂಬಿಸಿರುವುದರಿಂದ ದೊಡ್ಡ ನಗರಗಳಿಗೆ ಹೆಚ್ಚು ಹಣವೂ, ಹಿಂದುಳಿದ ತಾಲ್ಲೂಕುಗಳಿಗೆ ಕಡಿಮೆ ಹಣವೂ ದೊರೆಯುತ್ತದೆ. ಪುಸ್ತಕಗಳು ಎಲ್ಲಿ ಹೆಚ್ಚು ಬೇಕೋ ಅಲ್ಲಿಯೇ ಕೊಳ್ಳುವ ಶಕ್ತಿ ಕಡಿಮೆಯಾಗಿರುವುದಕ್ಕೆ ಇದೂ ಒಂದು ಕಾರಣ. ಕೋಲ್ಕತ್ತದಲ್ಲಿ 1972ರಲ್ಲಿ ಸ್ಥಾಪನೆಯಾದ ರಾಜಾರಾಮ ಮೋಹನ ರಾಯ್ ಗ್ರಂಥಾಲಯ ಪ್ರತಿಷ್ಠಾನವು ರಾಜ್ಯಗಳಿಗೆ ನೀಡುವ ಪುಸ್ತಕ ಸಹಾಯವು ಈ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬುತ್ತದೆ.

ಈಗಿನ ವ್ಯವಸ್ಥೆ

ಮೂರೂ ತಾಲ್ಲೂಕು ಕೇಂದ್ರಗಳ ಶಾಖಾ ಗ್ರಂಥಾಲಯಗಳು ಕಲಬುರಗಿಯ ಜಿಲ್ಲಾ ಕೇಂದ್ರ ಗ್ರಂಥಾಲಯದ ಆಡಳಿತಕ್ಕೆ ಒಳಪಟ್ಟಿವೆ. ಹಳ್ಳಿಗಳ ಗ್ರಂಥಾಲಯಗಳೂ ಮೊದಲು ಇದೇ ಇಲಾಖೆಯಲ್ಲಿದ್ದವು. ರಾಜ್ಯದ 5,600ಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು 2019ರಲ್ಲಿ ಪಂಚಾಯತ್ ರಾಜ್ ಇಲಾಖೆಗೆ ವರ್ಗಾಯಿಸಲಾಯಿತು. ಇವುಗಳಿಗೆ ಈಗ ‘ಅರಿವು ಕೇಂದ್ರ’ ಎಂಬ ಹೆಸರಿದೆ. ಪ್ರತಿ ಕೇಂದ್ರದಲ್ಲಿ ಗೌರವಧನದ ಮೇಲೆ ದುಡಿಯುವ ಒಬ್ಬ ಮೇಲ್ವಿಚಾರಕ ಅಥವಾ ಮೇಲ್ವಿಚಾರಕಿ ಇರುತ್ತಾರೆ. ಬಾಗಿಲು ತೆರೆಯುವುದು, ಕಸ ಗುಡಿಸುವುದು, ಪತ್ರಿಕೆಗಳನ್ನು ಹರಡುವುದು, ದಾಖಲಾತಿ ವಹಿ ಬರೆಯುವುದು, ಪುಸ್ತಕ ಎರವಲು ಕೊಡುವುದು ಎಲ್ಲವೂ ಅವರದೇ ಕೆಲಸ. ಗ್ರಂಥಾಲಯ ಎಷ್ಟು ಚೆನ್ನಾಗಿದೆ ಎಂಬುದು ಕಟ್ಟಡಕ್ಕಿಂತ ಹೆಚ್ಚಾಗಿ ಈ ಒಬ್ಬ ವ್ಯಕ್ತಿಯ ಆಸಕ್ತಿಯ ಮೇಲೆ ನಿಂತಿರುತ್ತದೆ.

ಪುಸ್ತಕಗಳ ಆಯ್ಕೆಯು ಬಹಳ ಕಾಲದಿಂದ ರಾಜ್ಯಮಟ್ಟದಲ್ಲಿ ನಡೆಯುತ್ತಿದೆ. ಆಯ್ಕೆ ಸಮಿತಿ ಒಪ್ಪಿದ ಕನ್ನಡ ಪುಸ್ತಕಗಳನ್ನು ಇಲಾಖೆಯು ಸಗಟು ಖರೀದಿಯಲ್ಲಿ ಕೊಂಡು ಜಿಲ್ಲೆಗಳಿಗೆ ಹಂಚುತ್ತದೆ. ಕನ್ನಡದ ಸಣ್ಣ ಪ್ರಕಾಶಕರನ್ನು ಉಳಿಸಿರುವುದು ಈ ಖರೀದಿಯೇ ಎಂಬುದು ನಿಜವಾದರೂ ಜೇವರ್ಗಿಯ ಒಂದು ಹಳ್ಳಿಯ ಹದಿನೈದು ವರ್ಷದ ಓದುಗನಿಗೆ ಏನು ಬೇಕೆಂಬುದು ಆ ಆಯ್ಕೆಯಲ್ಲಿ ಲೆಕ್ಕಕ್ಕೆ ಬರುವುದು ಕಷ್ಟ. ಸಂಶೋಧನ ಪ್ರಬಂಧ, ಅಭಿನಂದನ ಗ್ರಂಥ, ಕವನ ಸಂಕಲನ, ಶಿಶುಗೀತೆ ಎಲ್ಲವೂ ಒಂದೇ ಕಟ್ಟಿನಲ್ಲಿ ಬಂದು ಒಂದೇ ಕಪಾಟು ಸೇರುತ್ತವೆ. ಸರಿಯಾದ ಪುಸ್ತಕವನ್ನು ಸರಿಯಾದ ಓದುಗನಿಗೆ ಮುಟ್ಟಿಸುವುದೇ ಗ್ರಂಥಾಲಯದ ಕೆಲಸವೆಂದು ಎಸ್. ಆರ್. ರಂಗನಾಥನ್ 1931ರಲ್ಲಿ ಪ್ರಕಟಿಸಿದ ಪಂಚಸೂತ್ರಗಳಲ್ಲಿ ಪ್ರತಿಪಾದಿಸಿದ್ದರು. ಇಲ್ಲಿ ಆ ಕೆಲಸ ಕಪಾಟಿನಿಂದಲೇ ಆರಂಭವಾಗಬೇಕಾಗಿದೆ.

ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ 2009ರಲ್ಲಿ ಸ್ಥಾಪಿತವಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ತನ್ನದೇ ಗ್ರಂಥಾಲಯವಿದೆ. ಅದು ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಮತ್ತು ಅಧ್ಯಾಪಕರಿಗಾಗಿ ಇರುವುದು. ಸಾರ್ವಜನಿಕ ಗ್ರಂಥಾಲಯ ವ್ಯವಸ್ಥೆಯ ಭಾಗವಲ್ಲ.

ಓದುವ ಬೆಳಕು

ಕೋವಿಡ್ ಸಾಂಕ್ರಾಮಿಕದಿಂದ 2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದವು. ತಿಂಗಳುಗಟ್ಟಲೆ ಪುಸ್ತಕ ಮುಟ್ಟದ ಮಕ್ಕಳಿಗಾಗಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯು ಅದೇ ವರ್ಷದ ನವೆಂಬರ್ 14ರಂದು, ಮಕ್ಕಳ ದಿನಾಚರಣೆಯಂದು, ‘ಓದುವ ಬೆಳಕು’ ಕಾರ್ಯಕ್ರಮವನ್ನು ಆರಂಭಿಸಿತು. 6ರಿಂದ 18 ವರ್ಷದ ಎಲ್ಲ ಮಕ್ಕಳಿಗೆ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಉಚಿತ ಸದಸ್ಯತ್ವ ನೀಡುವುದು ಇದರ ತಿರುಳು. ಗಟ್ಟಿಯಾಗಿ ಓದುವುದು, ಕತೆ ಹೇಳುವುದು, ಓದಿದ ಪುಸ್ತಕದ ಬಗ್ಗೆ ಬರೆಯುವುದು ಮುಂತಾದ ಚಟುವಟಿಕೆಗಳನ್ನೂ ಇದರಲ್ಲಿ ಸೇರಿಸಲಾಯಿತು.

ಠೇವಣಿ ಇಲ್ಲದ ಸದಸ್ಯತ್ವವು ಚಿಕ್ಕ ಸಂಗತಿಯಂತೆ ಕಂಡರೂ ಕೂಲಿ ಕುಟುಂಬದ ಮಕ್ಕಳಿಗೆ ಅದು ದೊಡ್ಡ ಅಡ್ಡಿಯನ್ನು ತೆಗೆದುಹಾಕಿತು. ಇನ್ನೊಂದು ಮುಖ್ಯ ಅಂಶವೆಂದರೆ ವಯಸ್ಸಿನ ಮೇಲ್ಮಿತಿ. ಕಡ್ಡಾಯ ಶಿಕ್ಷಣ ಹಕ್ಕಿನ ಕಾಯಿದೆ 6ರಿಂದ 14 ವರ್ಷದವರಿಗೆ ಅನ್ವಯಿಸುತ್ತದೆ. ಹದಿನಾಲ್ಕು ದಾಟಿ ಶಾಲೆ ಬಿಟ್ಟವರನ್ನು ಆ ಕಾಯಿದೆ ಕೈಬಿಡುವಲ್ಲಿಂದ ಮುಂದಿನ ನಾಲ್ಕು ವರ್ಷ ಈ ಸದಸ್ಯತ್ವ ಅವರ ಜೊತೆಗಿರುತ್ತದೆ.

ಆದರೆ 6ರಿಂದ 18 ಎಂಬುದು ಬಹಳ ಅಗಲವಾದ ಗುಂಪು. ಬಣ್ಣ ಹಚ್ಚುವ ಸ್ಪರ್ಧೆಗೆ ಆರು ವರ್ಷದ ಮಗು ಓಡಿ ಬರುತ್ತದೆ. ಹತ್ತನೆಯ ತರಗತಿಯ ಹುಡುಗಿ ಬರುವುದಿಲ್ಲ. ಗ್ರಂಥಾಲಯ ಸಂಘಗಳ ಅಂತರರಾಷ್ಟ್ರೀಯ ಒಕ್ಕೂಟವಾದ ‘ಇಫ್ಲಾ’ದ ಮಾರ್ಗಸೂಚಿಗಳು 12ರಿಂದ 18 ವರ್ಷದವರನ್ನು ಮಕ್ಕಳಿಂದಲೂ ವಯಸ್ಕರಿಂದಲೂ ಬೇರೆಯಾದ ಓದುಗರೆಂದು ಪರಿಗಣಿಸಿ, ಅವರಿಗೆ ಪ್ರತ್ಯೇಕ ಜಾಗ, ಪ್ರತ್ಯೇಕ ಸಂಗ್ರಹ ಹಾಗೂ ಸೇವೆಗಳನ್ನು ರೂಪಿಸುವಾಗ ಅವರದೇ ಅಭಿಪ್ರಾಯ ಕೇಳುವುದನ್ನು ಸೂಚಿಸುತ್ತವೆ. ಒಂದೇ ಕೋಣೆಯ ಅರಿವು ಕೇಂದ್ರದಲ್ಲಿ ಪ್ರತ್ಯೇಕ ಜಾಗ ಮಾಡುವುದು ಸುಲಭವಲ್ಲ. ‘ಹದಿಹರೆಯದವರಿಗೆ’ ಎಂದು ಬರೆದ ಒಂದು ಕಪಾಟಿಗೆ ಮಾತ್ರ ಎಲ್ಲಿಯೂ ಜಾಗವಿರುತ್ತದೆ.

ಸ್ಪರ್ಧಾತ್ಮಕ ಪರೀಕ್ಷೆಗಳ ಪ್ರಭಾವ

ಸಂವಿಧಾನದ 98ನೇ ತಿದ್ದುಪಡಿಯ (2012) ಮೂಲಕ ಸೇರಿದ 371(ಜೆ) ವಿಧಿಯು ಹೈದರಾಬಾದ್ ಕರ್ನಾಟಕಕ್ಕೆ (2019ರಿಂದ ಕಲ್ಯಾಣ ಕರ್ನಾಟಕ) ಶಿಕ್ಷಣ ಮತ್ತು ಸರ್ಕಾರಿ ಉದ್ಯೋಗಗಳಲ್ಲಿ ಮೀಸಲಾತಿಗೆ ದಾರಿ ಮಾಡಿತು. ಈ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 70ರಷ್ಟು ಸೀಟುಗಳು ಸ್ಥಳೀಯರಿಗೆ ಮೀಸಲಾದವು. ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ. 8ರಷ್ಟು ದೊರೆತವು. ಇದರ ಪರಿಣಾಮ ಗ್ರಂಥಾಲಯದ ಮೇಜಿನ ಮೇಲೂ ಕಾಣುತ್ತದೆ. ಪೊಲೀಸ್ ಕಾನ್‌ಸ್ಟೇಬಲ್, ಪ್ರಥಮ ಮತ್ತು ದ್ವಿತೀಯ ದರ್ಜೆ ಸಹಾಯಕ, ಗ್ರಾಮ ಆಡಳಿತಾಧಿಕಾರಿ ಹುದ್ದೆಗಳ ಪರೀಕ್ಷೆಗೆ ಓದುವ ಯುವಕರು ವಾಚನಾಲಯದ ಬೆಂಚುಗಳನ್ನು ಬೆಳಗಿನಿಂದಲೇ ತುಂಬುತ್ತಾರೆ. ಮೊದಲು ಹರಿದುಹೋಗುವ ಪುಸ್ತಕಗಳೂ ಸಾಮಾನ್ಯ ಜ್ಞಾನದ ಮಾರ್ಗದರ್ಶಿಗಳೇ.

ಅವರ ಅಗತ್ಯ ನ್ಯಾಯವಾದದ್ದು; ಮನೆಯಲ್ಲಿ ಕುಳಿತು ಓದಲು ಜಾಗವಿಲ್ಲದವರಿಗೆ ಗ್ರಂಥಾಲಯವೇ ಅಧ್ಯಯನ ಕೊಠಡಿ. ತೊಂದರೆಯಾಗುವುದು ಅವರಿಗಿಂತ ಐದಾರು ವರ್ಷ ಚಿಕ್ಕವರಿಗೆ. ಇಪ್ಪತ್ತೆರಡರ ಯುವಕರು ಕುಳಿತ ಕೋಣೆಗೆ ಹದಿಮೂರರ ಹುಡುಗ ಹಿಂಜರಿದು ಬರುತ್ತಾನೆ, ಹುಡುಗಿಯರು ಬಾಗಿಲಿನಿಂದಲೇ ಹಿಂದಿರುಗುತ್ತಾರೆ. ಕಾದಂಬರಿ ಓದುವುದು ಸಮಯ ಹಾಳು ಮಾಡಿದಂತೆ ಎಂಬ ಭಾವನೆಯೂ ಮನೆಗಳಲ್ಲಿ ಬೆಳೆಯುತ್ತದೆ. ಪುಸ್ತಕವನ್ನು ಸಲೀಸಾಗಿ ಓದುವ ರೂಢಿಯಿಲ್ಲದವರಿಗೆ ಮಾರ್ಗದರ್ಶಿಯ ಪುಟಗಳೂ ಕಷ್ಟವಾಗುತ್ತವೆ ಎಂಬುದು ಈ ಲೆಕ್ಕಾಚಾರದಲ್ಲಿ ಮರೆತುಹೋಗುತ್ತದೆ.

ಹುಡುಗಿಯರಿಗೆ ಸಮಯವೂ ಒಂದು ಅಡ್ಡಿ. ಗ್ರಂಥಾಲಯ ಸಂಜೆ ತೆರೆದಿರುವ ಹೊತ್ತಿನಲ್ಲಿ ನೀರು ತರುವುದು, ಅಡುಗೆ, ತಮ್ಮ ತಂಗಿಯರ ಆರೈಕೆ ಅವರ ಪಾಲಿಗಿರುತ್ತವೆ. ಪುಸ್ತಕವನ್ನು ಮನೆಗೆ ಕೊಡುವ ಎರವಲು ಸೇವೆಯೇ ಅವರಿಗೆ ನಿಜವಾದ ಗ್ರಂಥಾಲಯ. ವಾಚನಾಲಯದ ಹಾಜರಿ ವಹಿಯನ್ನು ಮಾತ್ರ ನೋಡಿದರೆ ಈ ಓದುಗರು ಕಾಣುವುದಿಲ್ಲ. ತಾಯಂದಿರ ಸ್ವಸಹಾಯ ಸಂಘದ ಸಭೆಗೆ, ಪ್ರೌಢಶಾಲೆಗೆ ಅಥವಾ ಅಂಗನವಾಡಿಗೆ ಪುಸ್ತಕದ ಚೀಲವನ್ನು ಒಯ್ಯುವ ಮೇಲ್ವಿಚಾರಕರು ಇವರನ್ನು ತಲುಪಬಲ್ಲರು.

ಓದಿಗೆ ಸೂಕ್ತವಾದ ಕೃತಿಗಳು

ಹದಿಹರೆಯದವರಿಗೆ ಪುಸ್ತಕ ಸೂಚಿಸುವಾಗ ವಯಸ್ಸಿಗಿಂತ ಓದಿನ ವೇಗವನ್ನು ನೋಡುವುದು ಲೇಸು. ಹದಿನಾರು ವರ್ಷದವನಾದರೂ ತಡವರಿಸಿ ಓದುವವನಿಗೆ ಮಕ್ಕಳ ಪುಸ್ತಕ ಕೊಟ್ಟರೆ ಅವಮಾನವೆನಿಸುತ್ತದೆ, ದಪ್ಪ ಕಾದಂಬರಿ ಕೊಟ್ಟರೆ ಭಯವಾಗುತ್ತದೆ. ಭಾಷೆ ಸರಳವಾಗಿದ್ದು ವಿಷಯ ದೊಡ್ಡವರದಾಗಿರುವ ತೆಳು ಪುಸ್ತಕಗಳು ಇಂಥವರಿಗೆ ಹೊಂದುತ್ತವೆ.

ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ಈ ವಯಸ್ಸಿನವರು ಒಂದೇ ಉಸಿರಿಗೆ ಓದುವ ಕಾದಂಬರಿಗಳಲ್ಲಿ ಒಂದು. ಹಾರುವ ಓತಿಯನ್ನು ಹುಡುಕುತ್ತಾ ಕಾಡಿಗೆ ಹೋಗುವ ವಿಜ್ಞಾನಿಯ ತಂಡದಲ್ಲಿ ಹಳ್ಳಿಯ ಮಂದಣ್ಣನೇ ಮುಖ್ಯ ಮನುಷ್ಯ. ಶಾಲೆಯಲ್ಲಿ ಹಿಂದುಳಿದವರೆನಿಸಿಕೊಂಡವರಿಗೆ ಆ ಪಾತ್ರ ವಿಶೇಷವಾಗಿ ಹಿಡಿಸುತ್ತದೆ. ಅದೇ ಲೇಖಕರ ‘ಪರಿಸರದ ಕತೆ’ ಬಿಡಿ ಬಿಡಿಯಾಗಿ ಓದಬಹುದಾದ ಬರಹಗಳ ಸಂಗ್ರಹ. ಬಯಲುಸೀಮೆಯ ಓದುಗರಿಗೆ ಮಲೆನಾಡಿನ ಮಳೆ, ಕಾಡು, ಜಿಗಣೆಗಳು ಬೇರೊಂದು ದೇಶದಂತೆಯೇ ಕಾಣುತ್ತವೆ. ಬಿ. ಜಿ. ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಸಸ್ಯಶಾಸ್ತ್ರವನ್ನು ನಗುತ್ತಾ ಕಲಿಸುತ್ತದೆ. ಅದಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. ಪಿಯುಸಿ ವಿಜ್ಞಾನ ಓದುವವರಿಗೆ ಅದು ಹೆಚ್ಚು ರುಚಿಸೀತು.

ಕೇಂದ್ರ ಸಾಹಿತ್ಯ ಅಕಾಡೆಮಿಯು 2010ರಿಂದ ಬಾಲಸಾಹಿತ್ಯ ಪುರಸ್ಕಾರವನ್ನು ನೀಡುತ್ತಿದೆ. ಕನ್ನಡದಲ್ಲಿ ಮೊದಲ ವರ್ಷ ಬೊಳುವಾರು ಮಹಮದ್ ಕುಂಞಿಯವರ ‘ಪಾಪು ಗಾಂಧಿ, ಗಾಂಧಿ ಬಾಪು ಆದ ಕತೆ’ಗೆ, ಮರುವರ್ಷ ನಾ. ಡಿಸೋಜರ ‘ಮುಳುಗಡೆಯ ಊರಿಗೆ ಬಂದವರು’ ಕೃತಿಗೆ ಅದು ಸಂದಿತು. ಅಣೆಕಟ್ಟಿನ ಹಿನ್ನೀರಿನಲ್ಲಿ ಊರು ಕಳೆದುಕೊಂಡವರ ಬದುಕು ಡಿಸೋಜರು ಮತ್ತೆ ಮತ್ತೆ ಬರೆದ ವಿಷಯ. 2020ರ ಅಕ್ಟೋಬರ್‌ನಲ್ಲಿ ಭೀಮಾ ನದಿಯ ಪ್ರವಾಹಕ್ಕೆ ಸಿಕ್ಕಿ ಮನೆ ಬಿಟ್ಟು ಹೊರಟ ಅಫಜಲಪುರ, ಜೇವರ್ಗಿ ಕಡೆಯ ಮಕ್ಕಳಿಗೆ ಮುಳುಗಡೆ ಎಂಬ ಮಾತಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಸು ಬೇವಿನಗಿಡದ ಅವರ ‘ಓಡಿ ಹೋದ ಹುಡುಗ’ ಇದೇ ಪುರಸ್ಕಾರವನ್ನು 2021ರಲ್ಲಿ ಪಡೆಯಿತು.

ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ (1976) ಬಾಲವಿಧವೆಯೊಬ್ಬಳ ದೀರ್ಘ ಜೀವನದ ಕಥನ. ಬಾಲ್ಯವಿವಾಹ ಇನ್ನೂ ಪೂರ್ತಿ ಅಳಿಯದ ಪ್ರದೇಶದಲ್ಲಿ ಭಾಷಣಗಳಿಗಿಂತ ಈ ತೆಳು ಕಾದಂಬರಿ ಹೆಚ್ಚು ಮಾತಾಡುತ್ತದೆ. ಸಿದ್ಧಲಿಂಗಯ್ಯನವರ ‘ಊರುಕೇರಿ’ ಮತ್ತು ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ ದಲಿತ ಬಾಲ್ಯದ ಆತ್ಮಕಥನಗಳು. ಮಾಲಗತ್ತಿಯವರು ನೆರೆಯ ವಿಜಯಪುರ ಜಿಲ್ಲೆಯ ಮುದ್ದೇಬಿಹಾಳದವರು. ಅವರು ವರ್ಣಿಸುವ ಊರು ಇಲ್ಲಿನ ಊರುಗಳಿಂದ ದೂರವೇನಲ್ಲ. ಜಪಾನಿನ ತೆತ್ಸುಕೊ ಕುರೊಯನಾಗಿ ಬರೆದ ‘ತೊತ್ತೊ-ಚಾನ್’ ನ್ಯಾಷನಲ್ ಬುಕ್ ಟ್ರಸ್ಟ್ ಮೂಲಕ ಕನ್ನಡಕ್ಕೆ ಬಂದಿದೆ. ಒಂದು ಶಾಲೆಯಿಂದ ಹೊರಹಾಕಿಸಿಕೊಂಡ ಹುಡುಗಿಗೆ ರೈಲಿನ ಡಬ್ಬಿಗಳೇ ತರಗತಿಗಳಾಗಿರುವ ಇನ್ನೊಂದು ಶಾಲೆ ಸಿಗುವ ಈ ನೆನಪುಗಳನ್ನು ಹನ್ನೆರಡರವರೂ ಓದಬಹುದು, ಅವರ ಶಿಕ್ಷಕರೂ ಓದಬಹುದು.

ಸ್ಥಳೀಯ ಸಾಹಿತ್ಯ

ಈ ಮೂರು ತಾಲ್ಲೂಕುಗಳ ಹೆಸರು ಕನ್ನಡ ಸಾಹಿತ್ಯ ಚರಿತ್ರೆಯಲ್ಲಿ ಪದೇ ಪದೇ ಬರುತ್ತದೆ. ಅಲ್ಲಿಯದೇ ವಿದ್ಯಾರ್ಥಿಗಳಿಗೆ ಅದು ತಿಳಿಯುವುದು ಅಪರೂಪ. ಹನ್ನೆರಡನೆಯ ಶತಮಾನದ ಶಿವಶರಣ ಏಕಾಂತದ ರಾಮಯ್ಯ ಆಳಂದದವನು; ಅಬ್ಬಲೂರಿನ ಶಾಸನ ಅವನ ಕತೆ ಹೇಳುತ್ತದೆ, ಹರಿಹರ ಅವನ ಮೇಲೆ ರಗಳೆ ಬರೆದಿದ್ದಾನೆ. ಕಲಬುರಗಿಯ ಶರಣಬಸವೇಶ್ವರರು ಹುಟ್ಟಿದ್ದು ಜೇವರ್ಗಿ ಸೀಮೆಯ ಅರಳಗುಂಡಗಿಯಲ್ಲಿ. ತತ್ವಪದಕಾರ ಕಡಕೋಳ ಮಡಿವಾಳಪ್ಪ ಅಫಜಲಪುರ ತಾಲ್ಲೂಕಿನ ಬಿದನೂರಿನಲ್ಲಿ ಹುಟ್ಟಿ, ಜೇವರ್ಗಿ ಸೀಮೆಯ ಕಡಕೋಳದಲ್ಲಿ ನೆಲೆಸಿದವರು. ಅವರ ಶಿಷ್ಯ ಪರಂಪರೆಯಲ್ಲಿ ಚನ್ನೂರು ಜಲಾಲ ಸಾಹೇಬ, ಖೈನೂರು ಕೃಷ್ಣಪ್ಪ ಮೊದಲಾದವರಿದ್ದು, ಜಾತಿ ಮತಗಳ ಗಡಿ ಅಲ್ಲಿ ಕರಗಿತ್ತು. ಅವರ ಪದಗಳನ್ನು ಭಜನಾ ಮೇಳಗಳಲ್ಲಿ ಕೇಳಿ ಬಲ್ಲ ಹುಡುಗರಿಗೆ ಅವೇ ಪದಗಳನ್ನು ಅಚ್ಚಿನಲ್ಲಿ ತೋರಿಸುವುದು ಓದಿಗೆ ಸುಲಭವಾದ ಪ್ರವೇಶ. ಕಿವಿಗೆ ಗೊತ್ತಿರುವುದನ್ನು ಕಣ್ಣು ಬೇಗ ಹಿಡಿಯುತ್ತದೆ.

ಆಧುನಿಕ ಬರಹಗಾರರಲ್ಲಿ ಕಲಬುರಗಿ ಸಮೀಪದ ಸಾವಳಗಿಯ ಗೀತಾ ನಾಗಭೂಷಣ (1942–2020) ಮುಖ್ಯರು. ಅವರ ‘ಬದುಕು’ ಕಾದಂಬರಿಗೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ದೊರೆಯಿತು. ಗದಗಿನಲ್ಲಿ 2010ರಲ್ಲಿ ನಡೆದ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆಯನ್ನು ಅವರು ವಹಿಸಿದ್ದರು. ‘ಬದುಕು’ ಗಾತ್ರದಲ್ಲಿಯೂ ವಸ್ತುವಿನಲ್ಲಿಯೂ ಹದಿನೇಳು ಹದಿನೆಂಟರವರಿಗೆ ತಕ್ಕುದು. ತಾವು ಮನೆಯಲ್ಲಾಡುವ ಕಲಬುರಗಿ ಕನ್ನಡವೇ ಪುಸ್ತಕದ ಭಾಷೆಯಾಗಿರುವುದನ್ನು ಅದರಲ್ಲಿ ಅವರು ಕಾಣಬಹುದು. ಪಠ್ಯಪುಸ್ತಕದ ಕನ್ನಡಕ್ಕೆ ಹೆದರುವವರಿಗೆ ಈ ಅನುಭವ ಬಹಳ ಬೇಕು.

ಭಾಷೆಗಳು ಮತ್ತು ನಿಯತಕಾಲಿಕೆಗಳು

ಗಡಿ ತಾಲ್ಲೂಕುಗಳಲ್ಲಿ ಕನ್ನಡದ ಜೊತೆಗೆ ಮರಾಠಿ ಮತ್ತು ಉರ್ದು ಬಲ್ಲ ಓದುಗರೂ ಇದ್ದಾರೆ. ಗಾಣಗಾಪುರದಲ್ಲಿ ನೆಲೆಸಿದ್ದ ನರಸಿಂಹ ಸರಸ್ವತಿಯವರ ಚರಿತ್ರೆಯಾದ ‘ಗುರುಚರಿತ್ರೆ’ ಮರಾಠಿಯದು; ಆಳಂದದ ಲಾಡ್ಲೆ ಮಶಾಯಕ್ ದರ್ಗಾದ ಪರಂಪರೆಯ ಬರಹಗಳು ಫಾರಸಿ, ಉರ್ದುಗಳಲ್ಲಿವೆ. ಕನ್ನಡವಷ್ಟೇ ಇರುವ ಕಪಾಟು ಉರ್ದು ಅಥವಾ ಮರಾಠಿ ಮಾಧ್ಯಮದ ವಿದ್ಯಾರ್ಥಿಯನ್ನು ಹೊರಗಿಡುತ್ತದೆ. ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆಯಾದ ಬಾಲಭಾರತಿ 1971ರಿಂದ ಹೊರತರುತ್ತಿರುವ ‘ಕಿಶೋರ್’ ಮಾಸಿಕ, ರಾಷ್ಟ್ರೀಯ ಉರ್ದು ಭಾಷಾ ಅಭಿವೃದ್ಧಿ ಮಂಡಳಿಯ ‘ಬಚ್ಚೋಂ ಕಿ ದುನಿಯಾ’ ಮಾಸಿಕ ಅಗ್ಗದ ಬೆಲೆಯವು. ಇಂಥವರನ್ನು ಕರೆತರಲು ಅವು ಸಾಕಾಗುತ್ತವೆ, ಮುಂದೆ ಅದೇ ಮೇಜಿನ ಮೇಲಿರುವ ಕನ್ನಡ ಪತ್ರಿಕೆಯೂ ಅವರ ಕೈಗೆ ಬರುತ್ತದೆ.

ಕನ್ನಡದಲ್ಲಿ 1949ರಿಂದ ಬರುತ್ತಿದ್ದ ‘ಚಂದಮಾಮ’ ನಿಂತುಹೋಗಿದೆ. ಹಳೆಯ ಸಂಚಿಕೆಗಳ ರಟ್ಟು ಕಟ್ಟಿದ ಸಂಪುಟಗಳಿರುವ ಗ್ರಂಥಾಲಯಗಳಲ್ಲಿ ಅವುಗಳಿಗೆ ಈಗಲೂ ಬೇಡಿಕೆಯಿದೆ. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲ ವಿಜ್ಞಾನ’ ಪ್ರೌಢಶಾಲೆಯವರಿಗೆ, ಹುಬ್ಬಳ್ಳಿಯಿಂದ 1956ರಲ್ಲಿ ಆರಂಭವಾದ ‘ಕಸ್ತೂರಿ’ ಅದಕ್ಕಿಂತ ಮೇಲಿನವರಿಗೆ ಹೊಂದುತ್ತವೆ.

ಡಿಜಿಟಲ್ ಸೇವೆ

ಸಾರ್ವಜನಿಕ ಗ್ರಂಥಾಲಯ ಇಲಾಖೆಯು 2020ರಲ್ಲಿ ರಾಜ್ಯದಾದ್ಯಂತ ಡಿಜಿಟಲ್ ಗ್ರಂಥಾಲಯ ಸೇವೆಯನ್ನು ಆರಂಭಿಸಿತು. ‘ಗ್ರಾಮ ಡಿಜಿ ವಿಕಸನ’ ಯೋಜನೆಯಲ್ಲಿ ಅರಿವು ಕೇಂದ್ರಗಳಿಗೆ ಕಂಪ್ಯೂಟರ್ ಮತ್ತಿತರ ಉಪಕರಣಗಳನ್ನು ಒದಗಿಸಲಾಗುತ್ತಿದೆ. ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ‘ಸ್ಟೋರಿವೀವರ್’ ತಾಣದಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ಭಾಷೆಗಳ ಕತೆಗಳನ್ನು ಉಚಿತವಾಗಿ ಓದಬಹುದು, ಮುದ್ರಿಸಿಕೊಳ್ಳಬಹುದು. ಅದರಲ್ಲಿ ಹೆಚ್ಚಿನವು ಚಿಕ್ಕ ಮಕ್ಕಳವು. ಆದರೆ ಒಂದೇ ಕತೆಯನ್ನು ಎರಡು ಭಾಷೆಗಳಲ್ಲಿ ಪಕ್ಕಪಕ್ಕದಲ್ಲಿಟ್ಟು ಓದಿಸಲು, ಹದಿಹರೆಯದವರಿಂದಲೇ ಹೊಸ ಅನುವಾದ ಮಾಡಿಸಲು ಅಲ್ಲಿ ಅವಕಾಶವಿದೆ. ಮನೆಯಲ್ಲಿ ಮೊಬೈಲ್ ಒಂದೇ ಇದ್ದು ಅದು ತಂದೆಯ ಅಥವಾ ಅಣ್ಣನ ಕೈಯಲ್ಲಿರುವಾಗ ಹುಡುಗಿಯರಿಗೆ ಈ ಸೇವೆ ದಕ್ಕುವುದು ಗ್ರಂಥಾಲಯದ ಕಂಪ್ಯೂಟರಿನ ಮುಂದೆ ಮಾತ್ರ. ಕೆಲವು ಗಂಟೆಗಳನ್ನು ಅವರಿಗಾಗಿಯೇ ಕಾದಿರಿಸುವುದು ಆಯಾ ಪಂಚಾಯಿತಿಯ ಮತ್ತು ಮೇಲ್ವಿಚಾರಕರ ತೀರ್ಮಾನಕ್ಕೆ ಬಿಟ್ಟದ್ದು.